ಹೊಳಲೂರು ರಸ್ತೆಯ ಮೈಲೇಜು

ಕಾರು ಕೊಳ್ಳಲು ಬರುವವರು ಮೊದಲು ಕೇಳುವುದು ಬಣ್ಣದ ವಿಚಾರವನ್ನಲ್ಲ. ಬ್ರೇಕಿನ ವಿಚಾರವನ್ನಂತೂ ಕೇಳುವುದೇ ಇಲ್ಲ. ‘ಎಷ್ಟು ಕೊಡುತ್ತೆ?’ ಎಂದು ಕೇಳುತ್ತಾರೆ, ಹಸು ನೋಡಲು ಹೋದವರು ಹಾಲಿನ ಬಗ್ಗೆ ವಿಚಾರಿಸುವ ಹಾಗೆ. ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರು ಓಡುತ್ತದೆ ಎಂಬುದು ಅವರ ಪ್ರಶ್ನೆ. ಷೋರೂಮಿನ ಮುಂಭಾಗದಲ್ಲಿ ಟೈ ಕಟ್ಟಿಕೊಂಡು ಕೂತ ಸೇಲ್ಸ್ ಹುಡುಗರು ಕಂಪನಿಯ ಪುಸ್ತಿಕೆಯಲ್ಲಿರುವ ಅಂಕಿಯನ್ನು ನಗುನಗುತ್ತಾ ಹೇಳಿ ಕಳಿಸುತ್ತಾರೆ. ಕೆಲವು ತಿಂಗಳಾದ ಮೇಲೆ ಅದೇ ಗಿರಾಕಿ ಹಿಂಭಾಗದ ವರ್ಕ್‌ಶಾಪಿಗೆ ಬಂದು, ‘ನಿಮ್ಮ ಗಾಡಿ ಅಷ್ಟು ಕೊಡ್ತಾ ಇಲ್ಲ ಕಣ್ರೀ’ ಎಂದು ಮೇಜು ಗುದ್ದುತ್ತಾರೆ. ಆ ಮೇಜು ನನ್ನದಾಗಿತ್ತು. ಶಿವಮೊಗ್ಗದ ಒಬ್ಬ ಕಾರು ಡೀಲರ್ ಬಳಿ ಸರ್ವಿಸ್ ಅಡ್ವೈಸರ್ ಆಗಿ ನನ್ನ ಉದ್ಯೋಗದ ಬಹುಪಾಲು ಆ ಮೇಜಿನ ಹಿಂದೆಯೇ ಕಳೆಯಿತು.

ಈಚೆಗೆ ಅಲ್ಲಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ‘ಮೇಡಂ, ಮೈಲೇಜ್ ಕಂಪ್ಲೇಂಟ್ ತಗೊಂಡು ಬಂದ್ರೆ ಏನ್ ಹೇಳಿ ಕಳಿಸ್ಬೇಕು?’ ಎಂದು ಕೇಳಿದರು. ‘ಹೇಳಿ ಕಳಿಸೋಕೆ ಏನೂ ಇಲ್ಲ, ಕೂರಿಸಿಕೊಂಡು ಕೇಳ್ಬೇಕು’ ಎಂದೆ. ಅವರಿಗೆ ಈ ಉತ್ತರ ಸಾಲಲಿಲ್ಲ ಎಂಬುದು ಮುಖದಲ್ಲೇ ಕಂಡಿತು. ಅವರಿಗಾಗಿ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ಆದ್ದರಿಂದ ಅದನ್ನು ಬಿಟ್ಟು ಕೆಲಸದ ಮಾತಿಗೆ ಬರುತ್ತೇನೆ.

ನನಗೆ ಕೆಲಸ ಕಲಿಸಿದವರು ವರ್ಕ್ಸ್ ಮ್ಯಾನೇಜರ್ ರಾಯರು. ಎಂಜಿನ್ ಸದ್ದು ಕೇಳಿಯೇ ಕಾಯಿಲೆ ಹೇಳಬಲ್ಲವರು, ಗಿರಾಕಿಯ ಸದ್ದು ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ. ಗಲಾಟೆ ಶುರುವಾದರೆ ಮೆಲ್ಲಗೆ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೇರಿದ ಹೊಸತರಲ್ಲಿ ನಾನೂ ಅವರನ್ನು ಕೇಳಿದ್ದೆ: ‘ಸರ್, ಕಂಪನಿ ಇಪ್ಪತ್ಮೂರು ಅಂತ ಬರೀತದೆ, ಜನಕ್ಕೆ ಹದಿನಾರು ಬರುತ್ತೆ. ಸುಳ್ಳು ಹೇಳ್ತಾರಾ?’

‘ಸುಳ್ಳಲ್ಲ ಕಣಮ್ಮ’ ಎಂದರು. ‘ಆ ಅಂಕಿ ರಸ್ತೆ ಮೇಲೆ ಹುಟ್ಟಿದ್ದಲ್ಲ, ಅಷ್ಟೇ.’

ಆಮೇಲೆ ವಿವರಿಸಿದರು. ಪರೀಕ್ಷಾ ಕೇಂದ್ರದಲ್ಲಿ ಕಾರಿನ ಚಕ್ರಗಳನ್ನು ದೊಡ್ಡ ರೋಲರುಗಳ ಮೇಲೆ ನಿಲ್ಲಿಸುತ್ತಾರೆ. ಕಾರು ಇದ್ದಲ್ಲೇ ಇರುತ್ತದೆ, ಚಕ್ರ ಮಾತ್ರ ತಿರುಗುತ್ತದೆ. ಎಷ್ಟು ಹೊತ್ತಿಗೆ ಎಷ್ಟು ವೇಗ ಎಂಬುದು ಮೊದಲೇ ಗೊತ್ತುಮಾಡಿದ್ದು, ಒಳಗಿನ ಡ್ರೈವರ್ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾನೆ. ಎ.ಸಿ. ಬಂದ್. ಹಂಪ್ ಇಲ್ಲ, ಅಡ್ಡ ಬರುವ ಎಮ್ಮೆಯಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯ ಮನೆಯವರಿಲ್ಲ. ಎಲ್ಲ ಕಂಪನಿಗಳ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಹಾಗೊಂದು ಪದ್ಧತಿ ಬೇಕು, ಅದು ತಪ್ಪಲ್ಲ. ಈ ಕಾರಿಗಿಂತ ಆ ಕಾರು ಮೇಲು ಎಂದು ಹೇಳುವುದಕ್ಕೆ ಆ ಅಂಕಿ ಸಾಕು. ನಾಳೆ ನೀವು ಭದ್ರಾವತಿಗೆ ಹೋಗಿಬರಲು ಎಷ್ಟು ಡೀಸೆಲ್ ಬೇಕು ಎಂದು ಹೇಳುವುದಕ್ಕೆ ಅದರಿಂದಾಗದು. ಆದರೆ ಪುಸ್ತಿಕೆಯಲ್ಲಿ ಅಂಕಿ ದಪ್ಪ ಅಕ್ಷರದಲ್ಲಿರುತ್ತದೆ, ಈ ವಿವರಣೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿರುತ್ತದೆ.

ಜನ ತಾವಾಗಿ ಮೈಲೇಜು ಅಳೆಯುವ ರೀತಿಯದ್ದು ಇನ್ನೊಂದು ಕಥೆ. ಟ್ಯಾಂಕ್ ಪೂರ್ತಿ ತುಂಬಿಸುವುದು, ಓಡಿಸುವುದು, ಮತ್ತೆ ಪೂರ್ತಿ ತುಂಬಿಸಿ ಎಷ್ಟು ಹಿಡಿಯಿತೆಂದು ನೋಡುವುದು. ಕೇಳಲು ಸುಲಭ. ಆದರೆ ‘ಪೂರ್ತಿ’ ಎಂದರೆ ಎಲ್ಲಿಯವರೆಗೆ? ಡೀಸೆಲ್ ಸುರಿಯುವಾಗ ನೊರೆ ಏಳುತ್ತದೆ. ನೊರೆ ತಗುಲಿದೊಡನೆ ಬಂಕಿನ ಪೈಪು ಟಕ್ಕೆಂದು ತಾನೇ ನಿಂತುಬಿಡುತ್ತದೆ. ನೊರೆ ಇಳಿಯಲು ಬಿಟ್ಟರೆ ಇನ್ನಷ್ಟು ಹಿಡಿಯುತ್ತದೆ. ಕಾರನ್ನು ಅಲ್ಲಾಡಿಸಿದರೆ ಒಳಗಿನ ಗಾಳಿ ಹೊರಬಂದು ಮತ್ತಷ್ಟು ಹಿಡಿಯುತ್ತದೆ. ನಮ್ಮ ಕಡೆಯ ಬಂಕುಗಳಲ್ಲಿ ಇಬ್ಬರು ಗಂಡಸರು ಎರಡು ಪಕ್ಕ ನಿಂತು ಹೊಸ ಕಾರನ್ನು ತೊಟ್ಟಿಲಿನಂತೆ ತೂಗುತ್ತಿದ್ದರೆ ಮೈಲೇಜು ಪರೀಕ್ಷೆ ನಡೆಯುತ್ತಿದೆ ಎಂದೇ ತಿಳಿಯಬೇಕು.

ಆಯನೂರಿನ ಅಣ್ಣತಮ್ಮಂದಿರಿಬ್ಬರು ಒಂದು ಕಾರನ್ನು ಸೇರಿ ಕೊಂಡಿದ್ದರು. ಒಂದು ವಾರ ಅಣ್ಣ ಓಡಿಸುವುದು, ಒಂದು ವಾರ ತಮ್ಮ. ಅಣ್ಣ ಶಾಂತ ಸ್ವಭಾವದವರು, ಗೇರು ಹಾಕುವುದೂ ದೇವರಿಗೆ ಹೂವಿಟ್ಟಂತೆ. ತಮ್ಮನದು ಬಿರುಸು. ಆದರೂ ಪ್ರತಿಸಲ ಅಣ್ಣನಿಗೆ ಮೈಲೇಜು ಕಡಿಮೆ, ತಮ್ಮನಿಗೆ ಹೆಚ್ಚು! ತಮ್ಮ ಊರೆಲ್ಲ ಹೇಳಿಕೊಂಡು ತಿರುಗಿದ. ಅಣ್ಣ ಅವಮಾನದಿಂದ ಕಾರನ್ನು ನಮ್ಮಲ್ಲಿ ತಂದು, ‘ನನ್ನ ವಾರದಲ್ಲಿ ಮಾತ್ರ ಇದಕ್ಕೆ ಏನಾಗುತ್ತೆ ನೋಡಿ’ ಎಂದರು. ಕೂರಿಸಿಕೊಂಡು ಕೇಳಿದಾಗ ಗುಟ್ಟು ಬಯಲಾಯಿತು. ಅಣ್ಣ ತನ್ನ ವಾರದ ಕೊನೆಗೆ ಕಾರನ್ನು ತೂಗಿ ತೂಗಿ ಕಂಠಮಟ್ಟ ತುಂಬಿಸಿ ತಮ್ಮನಿಗೆ ಕೊಡುತ್ತಿದ್ದರು. ತಮ್ಮ ಪೈಪು ಟಕ್ಕೆಂದೊಡನೆ ಸಾಕು ಎಂದು ಅಣ್ಣನಿಗೆ ಒಪ್ಪಿಸುತ್ತಿದ್ದ. ತಮ್ಮ ಉರಿಸಿದ್ದರಲ್ಲಿ ಒಂದಷ್ಟನ್ನು ಪ್ರತಿಸಲ ಅಣ್ಣನೇ ತುಂಬಿಸಿ ತನ್ನ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದರು. ವಿವರಿಸಿದಾಗ ಅವರು, ‘ಇದನ್ನ ನನ್ನ ತಮ್ಮನ ಮುಂದೆ ಇನ್ನೊಂದ್ಸಲ ಹೇಳ್ತೀರಾ?’ ಎಂದರು. ಸಂತೋಷದಿಂದ ಹೇಳಿದೆ.

ರಾಗಿಗುಡ್ಡದ ಪಕ್ಕದ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಇನ್ನೂ ಮುಂದೆ ಹೋಗಿದ್ದರು. ಇಳಿಜಾರು ಬಂದರೆ ಎಂಜಿನ್ನನ್ನೇ ಆರಿಸಿ ಕಾರನ್ನು ಉರುಳಲು ಬಿಡುತ್ತಿದ್ದರು. ಎಂಜಿನ್ ಆರಿದರೆ ಸ್ಟೀರಿಂಗು ಬಿಗಿಯುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕು ಕಲ್ಲಾಗುತ್ತದೆ. ಒಂದು ದಿನ ಯಾರದೋ ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿಗೆ ಕಾರು ಮೂತಿ ಹೂತು ನಿಂತಿತು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಕಾರನ್ನು ಎಳೆದು ತಂದಾಗ ಅವರು ನನ್ನ ಕಿವಿಯ ಹತ್ತಿರ ಬಂದು, ‘ಸುಮಿತ್ರಮ್ಮ, ಅಲ್ಲೀವರೆಗೂ ಮೈಲೇಜು ಚೆನ್ನಾಗೇ ಬಂದಿತ್ತು’ ಎಂದರು. ನಗು ತಡೆಯಲಾರದೆ ನಾನು ಬಿಲ್ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡೆ. ಈಗಿನ ಡೀಸೆಲ್ ಎಂಜಿನ್ನು ಗೇರಿನಲ್ಲೇ ಇಳಿದರೆ ಕಾಲು ತೆಗೆದೊಡನೆ ಡೀಸೆಲ್ ಕುಡಿಯುವುದನ್ನು ತಾನೇ ನಿಲ್ಲಿಸುತ್ತದೆ, ನ್ಯೂಟ್ರಲ್ ಮಾಡಿದರೆ ಉರಿಯುತ್ತಲೇ ಇರುತ್ತದೆ ಎಂದು ಅವರಿಗೆ ಹೇಳಿದೆ. ಪಾಪ, ಜೀವ ಪಣಕ್ಕಿಟ್ಟು ಅವರು ಉಳಿಸಿದ್ದು ಏನೂ ಇರಲಿಲ್ಲ.

ಕಾಲ ಹೋದಂತೆ ಪದ್ಧತಿಗಳೂ ಬದಲಾದವು. ಡ್ಯಾಶ್‌ಬೋರ್ಡಿನಲ್ಲೇ ಮೈಲೇಜು ತೋರಿಸುವ ಪರದೆ ಬಂತು. ಜನ ರಸ್ತೆ ನೋಡುವುದನ್ನು ಬಿಟ್ಟು ಅದನ್ನೇ ನೋಡತೊಡಗಿದರು. ಅದೂ ಅಂದಾಜೇ, ಸಾಮಾನ್ಯವಾಗಿ ತುಸು ಧಾರಾಳವಾಗಿಯೇ ಹೇಳುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ಕಾರುಗಳು ಬಂದ ಮೇಲೆ ಇನ್ನೊಂದು ತಲೆನೋವು. ಮನೆಯಿಂದ ತರಕಾರಿ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಮಾತ್ರ ಓಡಿದರೆ ಆ ಮಸಿ ಸುಟ್ಟುಹೋಗಲು ಬೇಕಾದಷ್ಟು ಕಾವು ಏರುವುದಿಲ್ಲ. ಅದನ್ನು ಸುಡಲು ಕಾರು ತಾನೇ ಇನ್ನಷ್ಟು ಡೀಸೆಲ್ ಖರ್ಚು ಮಾಡುತ್ತದೆ. ದಿನಕ್ಕೆ ಇಷ್ಟೇ ಓಡಾಟ ಇರುವವರಿಗೆ ಡೀಸೆಲ್ ಕಾರೇ ಬೇಡ ಎಂದು ನಾನು ಮುಖದ ಮೇಲೆ ಹೇಳುತ್ತಿದ್ದೆ. ಸೇಲ್ಸ್ ವಿಭಾಗದವರು ನನ್ನನ್ನು ಕಂಡರೆ ಯಾಕೆ ಹಲ್ಲು ಕಡಿಯುತ್ತಿದ್ದರು ಎಂಬುದು ಇದರಿಂದ ತಿಳಿದೀತು.

ಇನ್ನು ನಮ್ಮ ವರ್ಕ್‌ಶಾಪಿನ ಸ್ವಂತ ಪರೀಕ್ಷೆ. ದೂರು ಹೆಚ್ಚಾದರೆ ರಾಯರು ಕಾರನ್ನು ಹೊಳಲೂರು ರಸ್ತೆಗೆ ಕಳಿಸುತ್ತಿದ್ದರು. ಗದ್ದೆಗಳ ನಡುವೆ ಸಪಾಟಾದ ರಸ್ತೆ, ಬೆಳಗಿನ ಹೊತ್ತು ಗಾಡಿಗಳ ಓಡಾಟವೂ ಕಡಿಮೆ. ಟೈರಿಗೆ ಗಾಳಿ ಸರಿಯಾಗಿ ಹಿಡಿಸಿ, ಎ.ಸಿ. ಆರಿಸಿ, ಡಿಕ್ಕಿ ಖಾಲಿ ಮಾಡಿ, ಟಾಪ್ ಗೇರಿನಲ್ಲಿ ಐವತ್ತು ಅರವತ್ತರ ನಡುವೆ ಹೋಗಿಬರುವುದು. ಇಪ್ಪತ್ತೊಂದೋ ಇಪ್ಪತ್ತೆರಡೋ ಬರುತ್ತಿತ್ತು. ಗಿರಾಕಿಗೆ ಅದನ್ನು ತೋರಿಸಿದರೆ ಬಾಯಿ ಕಟ್ಟುತ್ತಿತ್ತು. ಕಾರಿನಲ್ಲಿ ದೋಷವಿಲ್ಲ ಎಂದು ತಿಳಿಯಲು ಅದು ಒಳ್ಳೆಯ ಪರೀಕ್ಷೆಯೇ. ಅದರಿಂದ ಇನ್ನೇನು ಆಗಬಹುದು ಎಂಬುದು ಮಲ್ಲಿಕಾರ್ಜುನಪ್ಪನವರ ಪ್ರಕರಣದವರೆಗೆ ನಮಗ್ಯಾರಿಗೂ ಹೊಳೆದಿರಲಿಲ್ಲ.

ಮಲ್ಲಿಕಾರ್ಜುನಪ್ಪನವರು ಟೈಲ್ಸ್ ವ್ಯಾಪಾರಿ. ಶಿವಮೊಗ್ಗದಲ್ಲೊಂದು, ಭದ್ರಾವತಿಯಲ್ಲೊಂದು ಅಂಗಡಿ, ಆಯನೂರು ರಸ್ತೆಯಲ್ಲಿ ಗೋದಾಮು. ವಿಭೂತಿ ಹಚ್ಚಿದ ಹಣೆ, ಗಟ್ಟಿ ದನಿ, ಮಾತಿಗೆ ತಪ್ಪದ ಮನುಷ್ಯ ಎಂದು ಪೇಟೆಯಲ್ಲಿ ಹೆಸರು. ಅವರ ಡ್ರೈವರ್ ಮುರುಗೇಶ ಭದ್ರಾವತಿಯವನು. ತಂದೆ ಅಲ್ಲಿಯ ಕಾರ್ಖಾನೆಯಲ್ಲಿ ದುಡಿದವರು, ಮನೆಮಾತು ತಮಿಳು. ಸರ್ವಿಸಿಗೆ ಕಾರು ತಂದಾಗಲೆಲ್ಲ ಬೇರೆ ಡ್ರೈವರುಗಳು ಟೀ ಅಂಗಡಿಗೆ ಹೋದರೆ ಈತ ಕಾರಿನ ಪಕ್ಕದಲ್ಲೇ ನಿಂತು ಮೆಕ್ಯಾನಿಕ್ ಏನು ಬಿಚ್ಚುತ್ತಾನೆ, ಏನು ಹಾಕುತ್ತಾನೆ ಎಂದು ನೋಡುತ್ತಿದ್ದ. ಮಾತು ಕಡಿಮೆ.

ಒಂದು ಬೇಸಿಗೆಯಲ್ಲಿ ಮಲ್ಲಿಕಾರ್ಜುನಪ್ಪನವರೇ ಬಂದರು. ‘ಇಪ್ಪತ್ಮೂರು ಅಂತ ಹೇಳಿ ಕೊಟ್ರಿ. ಹದಿನೈದರ ಮೇಲೆ ಏಳ್ತಾ ಇಲ್ಲ. ಗಾಡಿ ತೊಂದರೆನೋ, ಬೇರೆ ಏನೋ, ನನಗೆ ಗೊತ್ತಾಗ್ಬೇಕು’ ಎಂದರು. ಆ ‘ಬೇರೆ ಏನೋ’ ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ರಾಯರು ಎಂದಿನಂತೆ ಕಾರನ್ನು ಹೊಳಲೂರು ರಸ್ತೆಗೆ ಕಳಿಸಿದರು. ಇಪ್ಪತ್ತೊಂದೂವರೆ ಬಂತು. ‘ಗಾಡಿ ಫಸ್ಟ್ ಕ್ಲಾಸ್ ಇದೆ ಯಜಮಾನ್ರೇ’ ಎಂದು ರಾಯರೇ ಕೈಮುಗಿದು ಕಳಿಸಿದರು. ಮಲ್ಲಿಕಾರ್ಜುನಪ್ಪನವರು ಜಗಳ ಮಾಡದೆ ಹೋದರಲ್ಲ ಎಂದು ನಮಗೆಲ್ಲ ನೆಮ್ಮದಿ.

ಮುಂದಿನ ವಾರ ಹಾರ್ನ್ ಕೆಟ್ಟಿದೆ ಎಂದು ಅವರು ಮತ್ತೆ ಬಂದರು. ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ‘ಮುರುಗೇಶ ಎಲ್ಲಿ?’ ಎಂದು ಸಹಜವಾಗಿ ಕೇಳಿದೆ.

‘ಕೆಲಸದಿಂದ ಓಡಿಸ್ದೆ. ಡೀಸೆಲ್ ಕಳ್ಳ ಅವನು. ಗಾಡಿ ಇಪ್ಪತ್ತೊಂದೂವರೆ ಕೊಡುತ್ತೆ, ಅವನು ಹದಿನೈದು ತೋರಿಸ್ತಾನೆ. ಉಳಿದಿದ್ದು ಎಲ್ಲಿ ಹೋಯ್ತು? ಭದ್ರಾವತಿ ಬಂಕ್‌ನಲ್ಲೇ ಎಲ್ಲರ ಮುಂದೆ ಕೊರಳಪಟ್ಟಿ ಹಿಡಿದು ಕೇಳ್ದೆ. ನಿಮ್ಮಿಂದ ಉಪಕಾರ ಆಯ್ತು ಸುಮಿತ್ರಮ್ಮ, ನಿಮ್ಮ ಟೆಸ್ಟ್ ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ.’

ಆ ಬಂಕಿನ ಪಕ್ಕದಲ್ಲೇ ಟ್ಯಾಕ್ಸಿ ಸ್ಟ್ಯಾಂಡ್ ಇದೆ. ಅಲ್ಲಿ ಕೇಳಿದ ಮಾತು ಸಂಜೆಯೊಳಗೆ ಊರಿನ ಎಲ್ಲ ಡ್ರೈವರುಗಳ ಬಾಯಲ್ಲಿರುತ್ತದೆ. ಡ್ರೈವರಿಗೆ ಕುಡುಕ ಎಂಬ ಹೆಸರು ಬಂದರೂ ಹೇಗೋ ಕೆಲಸ ಸಿಕ್ಕೀತು, ಡೀಸೆಲ್ ಕಳ್ಳ ಎಂಬ ಹೆಸರು ಬಂದರೆ ಯಾರೂ ಕೀಲಿಕೈ ಕೊಡುವುದಿಲ್ಲ.

ನೇರವಾಗಿ ರಾಯರ ಗಾಜಿನ ಕೋಣೆಗೆ ಹೋದೆ. ಎಲ್ಲ ಕೇಳಿಸಿಕೊಂಡು ಅವರು, ‘ಗಾಡಿ ಸರಿ ಇದೆ ಅಂದ್ವಿ. ಡ್ರೈವರ್ ಕಳ್ಳ ಅಂತ ನಾವು ಅಂದಿಲ್ವಲ್ಲ’ ಎಂದರು.

‘ಗಾಡಿ ಸರಿ ಇದೆ, ಡೀಸೆಲ್ ಸಾಲ್ತಿಲ್ಲ ಅಂದ್ರೆ ಉಳಿಯೋದು ಅದೊಂದೇ ಸರ್. ಹೊಳಲೂರು ರಸ್ತೇಲಿ ಅವರು ಟೈಲ್ಸ್ ಮಾರಲ್ಲ. ಅವರ ದಿನ ಹೇಗಿರುತ್ತೋ ಹಾಗೇ ಓಡಿಸಿ ನೋಡ್ಬೇಕು.’

‘ಅದು ನಮ್ಮ ಕೆಲಸ ಅಲ್ಲಮ್ಮ. ಕಮ್ಮಿ ಬಂದ್ರೆ ನಾಳೆ ಎಲ್ರೂ ಬಂದು ಕೂರ್ತಾರೆ. ಕಂಪನಿಯವ್ರಿಗೆ ನಾನು ಉತ್ತರ ಹೇಳ್ಬೇಕು.’

‘ಹಾಗಾದ್ರೆ ನಾಳೆ ನನಗೆ ರಜೆ ಕೊಡಿ. ವರ್ಕ್‌ಶಾಪಿನ ಹೆಸರು ಹೇಳಲ್ಲ. ನನ್ನ ಹೆಸರಲ್ಲೇ ಮಾಡ್ತೀನಿ.’

ರಾಯರು ಕನ್ನಡಕ ತೆಗೆದು ಒರೆಸಿದರು. ಇಷ್ಟು ವರ್ಷದಲ್ಲಿ ನಾನು ಅವರ ಮಾತಿಗೆ ಎದುರಾಡಿದ್ದು ಕಡಿಮೆ. ಆ ದಿನ ಹಿಂದೆ ಸರಿಯಬಾರದು ಎಂದು ನಿಶ್ಚಯಿಸಿಯೇ ನಿಂತಿದ್ದೆ. ಕೊನೆಗೆ, ‘ರಜೆ ತಗೊಂಡವ್ರು ಏನ್ ಮಾಡ್ತಾರೆ ಅಂತ ನಾನು ಕೇಳಲ್ಲ’ ಎಂದು ಸಹಿ ಹಾಕಿದರು.

ಮಲ್ಲಿಕಾರ್ಜುನಪ್ಪನವರನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಗಬಹುದು ಎಂದುಕೊಂಡಿದ್ದೆ. ‘ನಿಮ್ಮ ಲೆಕ್ಕ ಸರಿ ಇದ್ರೆ ನಿಮಗೇನು ನಷ್ಟ ಯಜಮಾನ್ರೇ? ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂತಿರ್ತೀನಿ, ಕಾರ್ ಬಿಟ್ಟು ಇಳಿಯಲ್ಲ. ಕದಿಯೋಕೆ ಯಾರೂ ಇರಲ್ಲ. ಇಪ್ಪತ್ತೊಂದು ಬಂದ್ರೆ ಮುರುಗೇಶ ಕಳ್ಳ ಅಂತ ನಾನೇ ಒಪ್ಕೊಳ್ತೀನಿ’ ಎಂದೆ. ವ್ಯಾಪಾರಿಗೆ ಇಂಥ ಸವಾಲು ಬಿಡಲಾಗುವುದಿಲ್ಲ. ‘ಕಮ್ಮಿ ಬಂದ್ರೆ ನಾನೇ ಅವನ ಮನೆ ಬಾಗ್ಲಿಗೆ ಹೋಗ್ತೀನಿ, ನೋಡು ಮಾರಾಯ್ತಿ’ ಎಂದು ಮೀಸೆ ತಿರುವಿದರು.

ಬೆಳಿಗ್ಗೆ ಶಿವಮೊಗ್ಗದ ಬಂಕಿನಲ್ಲಿ ನೊರೆ ಇಳಿಯುವವರೆಗೆ ಕಾದು ಟ್ಯಾಂಕ್ ತುಂಬಿಸಿದೆವು. ಕಾರು ನಿಂತ ಜಾಗ, ಪಂಪು ಎರಡನ್ನೂ ಗುರುತು ಮಾಡಿಕೊಂಡೆ. ಡಿಕ್ಕಿಯಲ್ಲಿ ಗಿರಾಕಿಗಳಿಗೆ ತೋರಿಸುವ ಗ್ರಾನೈಟ್ ಮತ್ತು ಟೈಲ್ಸ್ ಚೂರುಗಳ ಪೆಟ್ಟಿಗೆಗಳಿದ್ದವು. ಎತ್ತಲು ಹೋದರೆ ಅಲ್ಲಾಡಲಿಲ್ಲ. ‘ಅದು ಯಾವಾಗ್ಲೂ ಇರುತ್ತೆ’ ಎಂದರು. ಇರಲಿ ಎಂದೆ.

ಹೊರಟೆವು. ಮಲ್ಲಿಕಾರ್ಜುನಪ್ಪನವರ ಡ್ರೈವಿಂಗ್ ಅವರ ಮಾತಿನಂತೆಯೇ. ಮುಂದಿನ ಬಸ್ಸಿನ ಬಾಲಕ್ಕೆ ಹೋಗಿ ಮೂತಿ ತಾಗಿಸುವುದು, ಬ್ರೇಕ್ ಒತ್ತುವುದು, ಮತ್ತೆ ನೆಗೆಯುವುದು. ಸೀಟಿನ ಪಕ್ಕದ ಹಿಡಿಯನ್ನು ನಾನು ಬಿಡಲಿಲ್ಲ. ಶಿವಮೊಗ್ಗದ ಅಂಗಡಿ ಮುಂದೆ ಇಳಿಯುವಾಗ, ‘ಎಂಜಿನ್ ಆನ್ ಇರ್ಲಿ, ಎ.ಸಿ. ಇರ್ಲಿ. ಬಿಸಿ ಗಾಡಿ ಹತ್ತೋಕೆ ನನಗಾಗಲ್ಲ. ಈಗ ಬಂದೆ’ ಎಂದು ಹೋದರು. ಅವರ ‘ಈಗ’ ಬರುವಷ್ಟರಲ್ಲಿ ನಾನು ಚಳಿಗೆ ಸೆರಗು ಹೊದ್ದು ಕೂತಿದ್ದೆ. ಭದ್ರಾವತಿಯ ಅಂಗಡಿ ಮುಂದೆಯೂ ಅದೇ, ಬ್ಯಾಂಕಿನ ಮುಂದೆಯೂ ಅದೇ. ಆಯನೂರು ರಸ್ತೆಯ ಗೋದಾಮಿನಲ್ಲಿ ಲಾರಿ ಇಳಿಸುವುದನ್ನು ನೋಡುತ್ತಾ ನಿಂತವರು ಕಾರನ್ನೇ ಮರೆತರು. ಅದು ನಿಂತಲ್ಲೇ ಗುರುಗುಟ್ಟುತ್ತಿತ್ತು. ಒಂದೂ ಕಿಲೋಮೀಟರ್ ಮುಂದೆ ಹೋಗದೆ ಡೀಸೆಲ್ ಉರಿಯುತ್ತಿತ್ತು. ‘ಆರಿಸಿಬಿಡಿ’ ಎಂಬ ಮಾತು ಎಷ್ಟೋ ಸಲ ನಾಲಿಗೆ ತುದಿಗೆ ಬಂತು. ಬಾಯಿ ಬಿಟ್ಟರೆ ಪರೀಕ್ಷೆಯೇ ಕೆಡುತ್ತದೆ ಎಂದು ನುಂಗಿಕೊಂಡೆ.

ಸಂಜೆ ಅದೇ ಬಂಕ್, ಅದೇ ಪಂಪು, ಅದೇ ಜಾಗ. ನಾನು ಮೊಬೈಲ್ ತೆಗೆಯುವುದರೊಳಗೆ ಅವರು ಬಾಯಿಲೆಕ್ಕ ಮುಗಿಸಿದ್ದರು. ಹದಿಮೂರೂವರೆ.

‘ಬಂಕ್ ಮೀಟರ್ ಸರಿ ಇಲ್ಲ’ ಎಂದರು. ಬಂಕಿನವನಿಗೆ ಸಿಟ್ಟು ಬಂತು. ಅಳತೆಯ ಐದು ಲೀಟರ್ ಡಬ್ಬ ತಂದು ಅವರ ಕಣ್ಣೆದುರೇ ತುಂಬಿಸಿ ತೋರಿಸಿದ. ಗೆರೆಗೆ ಸರಿಯಾಗಿ ನಿಂತಿತು. ಮಲ್ಲಿಕಾರ್ಜುನಪ್ಪನವರು ಬಂಕಿನ ಕಟ್ಟೆಯ ಮೇಲೆ ಕೂತುಬಿಟ್ಟರು.

‘ಹಾಗಾದ್ರೆ ಡೀಸೆಲ್ ಎಲ್ಲಿಗ್ ಹೋಯ್ತು ಸುಮಿತ್ರಮ್ಮ?’

‘ನಿಮ್ಮ ಅಂಗಡಿ ಮುಂದೆ ನಿಂತು ಉರಿದು ಹೋಯ್ತು. ಟೈಲ್ಸ್ ಹೊತ್ಕೊಂಡು ಹೋಯ್ತು. ನಿಮ್ಮ ಕೈಯಲ್ಲಿ ಹದಿಮೂರೂವರೆ ಬಂತು, ಮುರುಗೇಶನ ಕೈಯಲ್ಲಿ ಹದಿನೈದು ಬರ್ತಿತ್ತು. ಕದಿಯೋನ ಕೈಯಲ್ಲಿ ಗಾಡಿ ಮಾಲೀಕನಿಗಿಂತ ಜಾಸ್ತಿ ಓಡುತ್ತಾ ಯಜಮಾನ್ರೇ?’

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ‘ನಾಳೆ ಭದ್ರಾವತಿಗೆ ನೀವೂ ಬನ್ನಿ’ ಎಂದಷ್ಟೇ ಹೇಳಿದರು.

ನಮ್ಮ ಕೆಲಸದಲ್ಲಿ ಆಮೇಲೆ ಏನು ಬದಲಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಸುದ್ದಿ ತಿಳಿದ ರಾಯರು ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಆದರೆ ಹೊಳಲೂರು ರಸ್ತೆಯ ಪರೀಕ್ಷೆ ಮಾಡಿದಾಗಲೆಲ್ಲ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, ‘ಇದು ಗಾಡಿ ಆರೋಗ್ಯ ನೋಡೋಕೆ ಮಾತ್ರ. ನಿಮ್ಮ ಓಡಾಟಕ್ಕೆ ಇಷ್ಟು ಬರಲ್ಲ, ಬರ್ಲಿಲ್ಲ ಅಂತ ಡ್ರೈವರ್‌ನ ಹಿಡೀಬೇಡಿ’ ಎಂದು ಸ್ವತಃ ಹೇಳತೊಡಗಿದರು. ಗಲಾಟೆಗೆ ಹೆದರಿ ಕೋಣೆ ಸೇರುತ್ತಿದ್ದ ಮನುಷ್ಯ ಅದನ್ನು ಹೇಳಲೆಂದೇ ಹೊರಗೆ ಬರುತ್ತಿದ್ದರು. ನಾನೂ ದೂರು ತಂದವರನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಹೆಚ್ಚಾಗಿ ಕೇಳತೊಡಗಿದೆ: ಗಾಡಿ ಓಡಿಸುವವರು ಯಾರು? ಮಾಲೀಕ ಬೇರೆ, ಡ್ರೈವರ್ ಬೇರೆ ಎಂದಾದರೆ ಅಲ್ಲಿ ಮೈಲೇಜಿನ ಪ್ರಶ್ನೆ ಮೈಲೇಜಿನದಷ್ಟೇ ಅಲ್ಲ. ಹೊಸದಾಗಿ ಸೇರಿದ ಹುಡುಗಿಯರು ಇದೊಂದನ್ನು ಮರೆಯದಿದ್ದರೆ ಸಾಕು.

ಪರೀಕ್ಷೆಯ ಮಾರನೆಯ ದಿನ ನಾನು ಇನ್ನೊಂದು ರಜೆ ಹಾಕಿದೆ, ಇಬ್ಬರೂ ಭದ್ರಾವತಿಗೆ ಹೋದೆವು. ಕಾರ್ಖಾನೆಯ ಹಳೆಯ ಕ್ವಾರ್ಟರ್ಸುಗಳ ಆಚೆ ಮುರುಗೇಶನ ಸಣ್ಣ ಮನೆ. ಅವನ ಹೆಂಡತಿ ಬಾಗಿಲಲ್ಲಿ ನನ್ನನ್ನು ನೋಡಿ ‘ವಾಂಗಮ್ಮಾ’ ಎಂದು ಒಳಗೆ ಕರೆದಳು, ನನ್ನ ಹಿಂದೆ ಮಲ್ಲಿಕಾರ್ಜುನಪ್ಪನವರನ್ನು ಕಂಡು ಬಾಯಿ ಮುಚ್ಚಿದಳು. ಮುರುಗೇಶ ಹೊರಗೆ ಬಂದು ನಮ್ಮನ್ನು ಒಳಗೆ ಕೂರಿಸಿದ. ಗಡ್ಡ ಬಂದಿತ್ತು.

‘ಮುರುಗೇಶ, ನಾನೇ ಓಡಿಸಿ ನೋಡ್ದೆ. ತಪ್ಪು ನಿಂದಲ್ಲ’ ಎಂದರು ಮಲ್ಲಿಕಾರ್ಜುನಪ್ಪ. ‘ಆದ್ರೆ ಎ.ಸಿ.ಗೆ ಇಷ್ಟು ಹೋಗುತ್ತೆ ಅಂತ ನೀನಾದ್ರೂ ಯಾಕೆ ಹೇಳ್ಲಿಲ್ಲ ಮಾರಾಯ?’

‘ನೀವು ಹತ್ತೋಷ್ಟರಲ್ಲಿ ಗಾಡಿ ತಣ್ಣಗಿರ್ಬೇಕು ಅಂತ ನೀವೇ ಹೇಳಿದ್ರಿ. ಅದಕ್ಕೆ ಡೀಸೆಲ್ ಹೋಗುತ್ತೆ ಅಂತ ನಾನು ಹೇಳಿದ್ರೆ, ಕದ್ದು ಕಥೆ ಹೇಳ್ತಾನೆ ಅಂತಿದ್ರಿ.’

ಮಲ್ಲಿಕಾರ್ಜುನಪ್ಪನವರು ತಲೆ ತಗ್ಗಿಸಿದರು. ಅದು ನಿಜವೆಂದು ಅವರಿಗೂ ಗೊತ್ತಿತ್ತು. ‘ಆಗಿದ್ದಾಯ್ತು. ನಾಳೆಯಿಂದ ಕೆಲಸಕ್ಕೆ ಬಾ’ ಎಂದರು.

‘ಆಗಿದ್ದು ಇಲ್ಲಿ ಅಲ್ಲ ಯಜಮಾನ್ರೇ’ ಎಂದ ಮುರುಗೇಶ. ದನಿ ಏರಿಸಲಿಲ್ಲ. ‘ಬಂಕ್‌ನಲ್ಲಿ ಆಗಿದ್ದು. ನನ್ನ ಮನೆ ಒಳಗೆ ಬಂದು ತಪ್ಪಿಲ್ಲ ಅಂದ್ರೆ ನನ್ನ ಹೆಂಡ್ತಿ ಒಬ್ಳೇ ಕೇಳ್ತಾಳೆ. ಅವಳಿಗೆ ಮೊದ್ಲೇ ಗೊತ್ತು. ಸ್ಟ್ಯಾಂಡ್‌ನಲ್ಲಿ ನನ್ನ ನೋಡಿದ್ರೆ ಎಲ್ರೂ ಮುಖ ತಿರುಗಿಸ್ತಾರೆ. ಹೇಳೋದಿದ್ರೆ ಅಲ್ಲಿ ಬಂದು ಹೇಳಿ.’

ಪೇಟೆಯಲ್ಲಿ ದೊಡ್ಡ ಹೆಸರಿನ ಮನುಷ್ಯ. ಅವರ ಮುಖ ಕೆಂಪೇರಿದ್ದನ್ನು ನೋಡಿ ಎದ್ದು ಹೋಗಿಬಿಡುತ್ತಾರೆಂದು ನಾನು ಹೆದರಿದೆ. ಅವರು ಬಾಗಿಲ ಕಡೆಗೂ ನೋಡಿದರು. ಆಮೇಲೆ, ‘ನಡಿ’ ಎಂದರು.

ಬಂಕಿಗೆ ಹೋದೆವು. ಪಕ್ಕದ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಹೊತ್ತು ಬಾಡಿಗೆಗೆ ಕಾಯುತ್ತಿದ್ದ ಡ್ರೈವರುಗಳು ನೆರಳಲ್ಲಿ ಕೂತಿದ್ದರು. ಮಲ್ಲಿಕಾರ್ಜುನಪ್ಪನವರ ಜೊತೆ ಮುರುಗೇಶ ಇಳಿದದ್ದನ್ನು ಕಂಡು ಒಬ್ಬೊಬ್ಬರೇ ಎದ್ದು ಬಂದರು. ಇನ್ನೊಂದು ಜಗಳ ನೋಡಲು ಬಂದಂತಿತ್ತು. ಮಲ್ಲಿಕಾರ್ಜುನಪ್ಪನವರು ಗಂಟಲು ಸರಿಮಾಡಿಕೊಂಡು ಏನೋ ಹೇಳಿದರು. ಅಷ್ಟು ಗಟ್ಟಿ ದನಿಯ ಮನುಷ್ಯನ ಮಾತು ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ.

‘ಕೇಳಿಸ್ತಿಲ್ಲ ಸಾವ್ಕಾರ್ರೇ’ ಎಂದ ಹಿಂದಿನಿಂದ ಒಬ್ಬ. ‘ಅವತ್ತು ಚೆನ್ನಾಗಿ ಕೇಳಿಸಿತ್ತು.’

ಅವರು ತಲೆ ಎತ್ತಿದರು. ‘ಇವನು ಡೀಸೆಲ್ ಕದ್ದಿಲ್ಲ!’ ಎಂದು ಕೂಗಿದರು. ‘ಇಲ್ಲೇ ನಿಂತು ಕಳ್ಳ ಅಂದಿದ್ದೆ. ಅದು ಸುಳ್ಳು. ನಾನೇ ಇಡೀ ದಿನ ಓಡಿಸ್ದೆ, ನನ್ನ ಕೈಲಿ ಇವನಿಗಿಂತ ಕಮ್ಮಿ ಬಂತು. ತಪ್ಪು ನಂದು.’ ಎಷ್ಟು ಸಿಟ್ಟಿದ್ದರೂ ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಗೌರವ ಹುಟ್ಟಿತು. ಜೇಬಿನಿಂದ ಕೀಲಿಕೈ ತೆಗೆದು ಮುರುಗೇಶನ ಮುಂದೆ ಹಿಡಿದರು.

ಮುರುಗೇಶ ಅದನ್ನು ಮುಟ್ಟಲಿಲ್ಲ. ‘ಬೇಡ ಯಜಮಾನ್ರೇ. ನಿಮ್ಮ ಮೇಲೆ ಸಿಟ್ಟಿಲ್ಲ. ಇನ್ಮೇಲೆ ಡೀಸೆಲ್ ಹಾಕಿಸೋವಾಗೆಲ್ಲ ನೀವು ಏನ್ ಅಂದ್ಕೊಳ್ತೀರೋ ಅಂತ ನಿಮ್ಮ ಮುಖ ನೋಡ್ಬೇಕಾಗುತ್ತೆ. ಅದು ನನ್ನಿಂದಾಗಲ್ಲ’ ಎಂದು ಕೈಮುಗಿದ.

ಕೆಲಸವೂ ಬೇಡವೆಂದ ಮನುಷ್ಯ ನಾಳೆ ಏನು ಮಾಡುತ್ತಾನೆ ಎಂದು ನನಗೆ ಚಿಂತೆಯಾಯಿತು. ಅಷ್ಟರಲ್ಲಿ ‘ಕೇಳಿಸ್ತಿಲ್ಲ’ ಎಂದು ಕೂಗಿದ್ದ ಡ್ರೈವರೇ ಗುಂಪಿನಿಂದ ಮುಂದೆ ಬಂದ. ‘ಮುರುಗೇಶಣ್ಣ, ತರೀಕೆರೆಗೆ ಒಂದು ಬಾಡಿಗೆ ಇದೆ, ನನಗೆ ಮನೇಲಿ ಕೆಲಸ ಬಂದಿದೆ’ ಎಂದು ತನ್ನ ಕಾರಿನ ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ‘ಟ್ಯಾಂಕ್ ಫುಲ್ ಇದೆ. ತಗೊಂಡು ಹೋಗು.’